ತಲೆಕಡೆಯ ಹಗ್ಗ

ಅಮ್ಮನ ಶವಪೆಟ್ಟಿಗೆಯ ಮೇಲೆ ಹೆಕ್ಟರ್ ಪೋಲ್ಸನ್ ಹಾಸಿದ್ದ ಕ್ಲಬ್ಬಿನ ನೀಲಿ ಬನಿಯನ್ನನ್ನು ರೋನಾ ಎಳೆದು ತೆಗೆದು ಅವನ ಕೈಗೇ ತುರುಕಿದಳು.

"ಅಮ್ಮ ಇದನ್ನ ಯಾವತ್ತು ಹಾಕ್ಕೊಂಡಿದ್ಲು, ಹೇಳಿ ಮಾಮ?"

"ಗೌರವಕ್ಕೆ ಅಂತ ತಂದಿದ್ದು ಮಗಳೇ. ನಿಮ್ಮಮ್ಮ ಡೊಲಿನಾ ನಮ್ಮ ಓಟದ ಕ್ಲಬ್ಬಿನ ಹೆಮ್ಮೆ."

"ಹೊಚ್ಚ ಹೊಸದು. ಅಂಗಡಿ ಮಡಿಕೆ ಗೆರೆ ಕೂಡ ಹೋಗಿಲ್ಲ ಇನ್ನೂ."

ನಮ್ಮೂರಲ್ಲಿ ಗಂಡಸರು ಸ್ಮಶಾನಕ್ಕೆ ಹೋಗಿ ಹಗ್ಗ ಹಿಡಿದು ಪೆಟ್ಟಿಗೆ ಇಳಿಸುತ್ತಾರೆ. ಹೆಂಗಸರು ಚರ್ಚಿನ ಹಾಲ್‌ನಲ್ಲಿ ಉಳಿದು ಅವರಿಗೆ ಚಹಾ ಕಾಯಿಸುತ್ತಾರೆ. ತಲೆಕಡೆಯ ಹಗ್ಗ ಹತ್ತಿರದ ಬಂಧುವಿನದು. ಡೊಲಿನಾಗೆ ಗಂಡ ಉಳಿದಿರಲಿಲ್ಲ, ಗಂಡುಮಕ್ಕಳಿರಲಿಲ್ಲ. ಬಂಧುವಲ್ಲದಿದ್ದರೂ ಕ್ಲಬ್ಬಿನ ಅಧ್ಯಕ್ಷ ಹೆಕ್ಟರ್ ಯಾರನ್ನೂ ಕೇಳದೆ ಆ ಹಗ್ಗವನ್ನು ತನ್ನದು ಮಾಡಿಕೊಂಡಿದ್ದ.

"ತಲೆಕಡೆ ಹಗ್ಗ ನಂದು," ಎಂದಳು ರೋನಾ.

"ಹೆಂಗಸರು ಹಗ್ಗ ಹಿಡಿಯೋದು ನಮ್ಮಲ್ಲಿಲ್ಲಮ್ಮ. ನೀನು ಚಿಕ್ಕಮ್ಮನ ಜೊತೆ ಹಾಲ್‌ನಲ್ಲಿರು. ಬಂದವರಿಗೆ ಬಿಸಿಬಿಸಿ ಏನಾದ್ರೂ ಬೇಕಲ್ಲ."

*

ಆಗೆಲ್ಲ ಗಂಡಸರಷ್ಟೇ ಓಡುತ್ತಿದ್ದ ಬೆಟ್ಟದ ಓಟದ ದಿನ ಪ್ರತಿವರ್ಷ ಡೊಲಿನಾಗೆ ಚಹಾದ ಹಂಡೆಯೇ ಗತಿ. ಬಂದರಿನಲ್ಲಿ ಮೀನು ಸೀಳುವ ಕೆಲಸ ಮುಗಿಸಿ, ಮುಸ್ಸಂಜೆಯಲ್ಲಿ ಅವಳು ಅದೇ ಬೆಟ್ಟವನ್ನು ಓಡಿ ಹತ್ತುತ್ತಾಳೆಂದು ತಂಗಿ ಎಫಿಗೆ ಮಾತ್ರ ಗೊತ್ತಿತ್ತು. ಒಂದು ವರ್ಷ ಗಂಡಸರು ಹೊರಟ ಮೇಲೆ ಏಪ್ರನ್ ಬಿಚ್ಚಿ ತಂಗಿಯ ಕೈಗೆ ಕೊಟ್ಟು ಅವರ ಹಿಂದೆಯೇ ಓಡಿದಳು. ತುದಿ ಮುಟ್ಟಿ ಇಳಿಯುವಾಗ ಒಬ್ಬೊಬ್ಬರನ್ನೇ ಹಿಂದೆ ಹಾಕಿದಳು. ಕೊನೆಗೆ ಅವಳ ಮುಂದಿದ್ದವರು ಇಬ್ಬರೇ. ಗೆರೆಯ ಬಳಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದ ಹೆಕ್ಟರ್ ಅವಳು ಬರುವುದನ್ನು ನೋಡಿದ. ನೋಡಿ, ವಾಚನ್ನು ಜೇಬಿಗಿಳಿಸಿದ.

"ಎಲ್ಲಿಗ್ಹೋಗಿದ್ದೆ ಡೊಲಿನಾ? ಹಂಡೆ ನೀರು ತಣ್ಣಗಾಯ್ತು."

ಎಲ್ಲರೂ ನಕ್ಕರು. ಅವಳು ಏಪ್ರನ್ ಕಟ್ಟಿಕೊಂಡು, ಏದುಸಿರಿನಲ್ಲೇ, ನಕ್ಕವರಿಗೆಲ್ಲ ಚಹಾ ಬಗ್ಗಿಸಿದಳು. ಆ ನಗು ನೆನೆದರೆ ಎಫಿಗೆ ಈಗಲೂ ಮೈ ಉರಿಯುತ್ತದೆ.

ಹೆಂಗಸರನ್ನೂ ದೂರದ ಓಟಗಳಿಗೆ ಸೇರಿಸಿಕೊಳ್ಳುವ ಹೊತ್ತಿಗೆ ಅವಳಿಗೆ ಐವತ್ತು ದಾಟಿತ್ತು. ಗ್ಲಾಸ್ಗೋದ ಮ್ಯಾರಥಾನ್‌ನಲ್ಲಿ ತನ್ನ ವಯಸ್ಸಿನವರಲ್ಲಿ ಮೊದಲು ಬಂದಳು. ಪತ್ರಿಕೆಯಲ್ಲಿ ಬಂದ ಫೋಟೋ ಕ್ಲಬ್ಬಿನ ಗೋಡೆ ಏರಿತು. ಆ ವರ್ಷವೂ ಅವಳು ಅದರ ಕೆಳಗೇ ನಿಂತು ಚಹಾ ಹಂಚಿದಳು.

*

ಚರ್ಚಿನ ಹಾಲ್‌ನಲ್ಲಿ ಎಫಿ ಹಂಡೆಗೆ ನೀರು ಬಿಡುತ್ತಿದ್ದಳು. ರೋನಾ ಬಂದು ನಡೆದದ್ದನ್ನು ಹೇಳಿದಳು.

"ಅವನು ಹಿಡೀತಾನಂತಾ? ಅವನ ಮುಖಕ್ಕಿಷ್ಟು."

ಎಫಿ ನಲ್ಲಿ ನಿಲ್ಲಿಸಿ, ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದಳು. ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವರತ್ತ ತಿರುಗಿದಳು. "ಏನ್ರೇ ನೋಡ್ತೀರಿ? ಚಾಕು ಕೆಳಗಿಡಿ, ಬನ್ನಿ."

ಗುಂಡಿಯ ಬಳಿ ಹೆಕ್ಟರ್ ಆಗಲೇ ಹಗ್ಗವನ್ನು ಅಂಗೈಗೆ ಸುತ್ತಿಕೊಂಡಿದ್ದ. ಹೆಂಗಸರ ಹಿಂಡು ಬರುವುದನ್ನು ಕಂಡು ಅವನು ಪಾದ್ರಿಯ ಮುಖ ನೋಡಿದ. ಪಾದ್ರಿ ಪುಸ್ತಕದ ಹಾಳೆ ಮಗುಚತೊಡಗಿದರು.

"ಬಿಡಿ," ಎಂದಳು ರೋನಾ.

"ಬಿಡೋ ಹೆಕ್ಟರ್," ಎಂದಳು ಎಫಿ. "ಅವತ್ತು ವಾಚ್ ಜೇಬಿಗೆ ಹಾಕ್ಕೊಂಡೆಯಲ್ಲ, ಕೈನೂ ಅಲ್ಲೇ ಇಟ್ಕೋ."

ಈ ಸಲ ಯಾರೂ ನಗಲಿಲ್ಲ. ಹೆಕ್ಟರ್ ಬಿಟ್ಟ. ರೋನಾ ಹಗ್ಗವನ್ನು ಅಂಗೈಗೆ ಸುತ್ತಿಕೊಂಡಳು. ಅದನ್ನು ಸ್ವಲ್ಪಸ್ವಲ್ಪವಾಗಿಯೇ ಬಿಟ್ಟಳು, ಅಮ್ಮ ಎಲ್ಲೂ ಕುಲುಕದೆ ಇಳಿದಳು.

ಸ್ಮಶಾನದಿಂದ ಹೆಂಗಸರು ಹಾಲ್‌ಗೆ ಬರಲಿಲ್ಲ, ನೇರ ಬೆಟ್ಟದ ದಾರಿ ಹಿಡಿದರು. ಚಳಿಗೆ ಕೈ ಉಜ್ಜಿಕೊಳ್ಳುತ್ತ ಹಾಲ್‌ಗೆ ಬಂದ ಗಂಡಸರಿಗೆ ಬೋರಲು ಹಾಕಿದ ಕಪ್ಪುಗಳು ಕಂಡವು. ಹೆಕ್ಟರ್ ಹಂಡೆಗೆ ಅಂಗೈ ಒತ್ತಿ ನೋಡಿದ, ತಣ್ಣಗಿತ್ತು. ಬನಿಯನ್ನನ್ನು ಕಂಕುಳಲ್ಲಿ ಅವುಚಿಕೊಂಡೇ ಒಂದು ಬೀರು ತೆರೆದ, ಮುಚ್ಚಿದ, ಇನ್ನೊಂದು ತೆರೆದ.

"ಚಹಾಪುಡಿ ಎಲ್ಲಿಡ್ತಾರ್ರೋ?"

ಅಲ್ಲಿದ್ದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.