ಲೆಂಪಿಯ ಗಿಡದ ಸೊನೆ

ಅಮೆರಿಕದ ಉತ್ತರದ ಡುಲೂತ್ ಊರಿನ ಹಿಮದ ಜನವರಿಯಲ್ಲೂ ಲೆಂಪಿ ಹಾರ್ಯುವಿನ ಮನೆ ಹಸಿರಾಗಿರುತ್ತಿತ್ತು. ಅಗಲ ಎಲೆಯ ಮೇಲೆ ಬಿಳಿ ಚುಕ್ಕೆ ಸಿಡಿದ ಡಿಫೆನ್‌ಬಾಕಿಯಾ ಗಿಡ ಅವಳಿಗೆ ತಾಯಿಯಿಂದ ಬಂದದ್ದು. ಕಾಂಡ ಉದ್ದವಾಗಿ ಬಾಗಿದಾಗೆಲ್ಲ ಗೆಣ್ಣಿನ ಕೆಳಗೆ ಕತ್ತರಿಸಿ, ಗಾಯ ಒಣಗುವ ತನಕ ಬಿಟ್ಟು, ಮರಳು ಬೆರೆಸಿದ ಮಣ್ಣಿಗೆ ಊರುತ್ತಿದ್ದಳು. ಬೇರು ಬಿಟ್ಟ ತುಂಡುಗಳನ್ನು ಕಟ್ಟಡದವರಿಗೆ ಹಂಚುತ್ತಿದ್ದಳು. ಗಂಡ ಸತ್ತ ಮೇಲೆ ಬೇರೆಯವರ ಬಾಗಿಲು ತಟ್ಟಲು ಅವಳಿಗಿದ್ದ ನೆಪ ಅದೊಂದೇ.

ಕೆಳಗಿನ ಮನೆಗೆ ಹೊಸದಾಗಿ ಬಂದ ಕ್ರಿಸ್ಟಲ್‌ಗೂ ಒಂದು ಒಯ್ದು ಕೊಟ್ಟಳು. ಕ್ರಿಸ್ಟಲ್ ಹೋಟೆಲೊಂದರ ಲಾಂಡ್ರಿಯಲ್ಲಿ ದುಡಿಯುವವಳು. ಎರಡು ವರ್ಷದ ಮಗಳು ಜೊಯೆಲ್ ಬಿಟ್ಟರೆ ಆ ಊರಲ್ಲಿ ಅವಳಿಗೂ ಯಾರೂ ಇರಲಿಲ್ಲ.

"ನನ್ನ ಕೈಲಿ ಯಾವ ಗಿಡಾನೂ ಬದುಕಲ್ಲ ಲೆಂಪಿ. ಪ್ಲಾಸ್ಟಿಕ್ಕಿಂದೂ ಬಾಡೋಗತ್ತೆ!"

"ಇದು ಸಾಯೋ ಜಾತಿ ಅಲ್ಲಮ್ಮ. ನೀರು ಹಾಕೋದು ಮರೆತ್ರೆ ಇನ್ನೂ ಚೆನ್ನಾಗಿ ಬರತ್ತೆ."

ಕ್ರಿಸ್ಟಲ್ ನಕ್ಕು ಕಾಫಿಗಿಟ್ಟಳು. ಕತ್ತರಿಸುವಾಗ ತಾನು ಕೈಗವಸು ಹಾಕಿಕೊಳ್ಳುವುದು ಯಾಕೆಂದು ಲೆಂಪಿ ಹೇಳಲಿಲ್ಲ. ಆ ಸೊನೆ ಬಾಯಿಗೆ ತಾಗಿದರೆ ಸುಟ್ಟ ಹಾಗೆ ಊದುತ್ತದೆ ಎಂದು ತಾಯಿ ಅವಳಿಗೆ ಚಿಕ್ಕಂದಿನಲ್ಲೇ ಎಚ್ಚರಿಸಿದ್ದಳು. ಆಮೇಲೆ ಹೇಳಿದರಾಯಿತು ಅಂದುಕೊಂಡಳು. ಹೇಳಿದರೆ ಗಿಡ ವಾಪಸು ಬಂದೀತು, ಕಾಫಿಯೂ ತಪ್ಪೀತು ಎಂಬ ಅಳುಕೂ ಇತ್ತು.

ಒಂದು ಬೆಳಿಗ್ಗೆ ಕೆಳಗಿನಿಂದ ಚೀರಾಟ ಕೇಳಿಸಿತು. ಲೆಂಪಿ ಇಳಿದು ಹೋದಾಗ ಮಗು ತಾಯಿಯ ತೋಳಲ್ಲಿ ಒದ್ದಾಡುತ್ತಿತ್ತು. ನಾಲಿಗೆ ಬಾಯಲ್ಲಿ ಹಿಡಿಸದಷ್ಟು ಊದಿತ್ತು, ಅಳಲು ದನಿಯೇ ಹೊರಡುತ್ತಿರಲಿಲ್ಲ. ಹಲ್ಲಿನ ಗುರುತು ಮೂಡಿದ್ದ ಕಾಂಡ ನೆಲದ ಮೇಲೆ ಬಿದ್ದಿತ್ತು.

ಆಂಬುಲೆನ್ಸ್ ಬರುವ ಮುಂಚೆ ಕ್ರಿಸ್ಟಲ್ ಕೇಳಿದಳು. "ಇದು ವಿಷ ಅಂತ ನಿಮಗೆ ಗೊತ್ತಿತ್ತಾ?"

ಇಲ್ಲ ಎಂದುಬಿಡಬಹುದಿತ್ತು. "ಗೊತ್ತಿತ್ತು," ಎಂದಳು ಲೆಂಪಿ.

"ಗೊತ್ತಿದ್ದೂ ಮಗು ಇರೋ ಮನೆಗೆ ತಂದಿಟ್ರಾ? ಹೋಗ್ರಿ ಆಚೆ. ನನ್ನ ಕಣ್ಮುಂದೆ ನಿಲ್ಲಬೇಡಿ!"

ಆಸ್ಪತ್ರೆಯಲ್ಲಿ ಮಗುವಿನ ಗಂಟಲಿಗೆ ನಳಿಕೆ ಇಳಿಸಿದರು. ಜೀವವೇನೋ ಉಳಿಯಿತು. ಹಾಸಿಗೆಯ ಪಕ್ಕ ಬಿಟ್ಟು ಕದಲದ ಕ್ರಿಸ್ಟಲ್‌ಳ ಕೆಲಸ ಹೋಯಿತು.

ಲೆಂಪಿ ತಾನು ಕೊಟ್ಟ ಗಿಡಗಳನ್ನೆಲ್ಲ ವಾಪಸು ಕೇಳುತ್ತ ಮನೆಮನೆ ಅಲೆದಳು. ಮೇಲಿನ ಮನೆಯ ಮುದುಕ ಗುಂಡರ್ ತಕರಾರು ತೆಗೆದ.

"ಇಷ್ಟು ವರ್ಷ ನನ್ನ ಜತೆ ಟೀವಿ ನೋಡ್ಕೊಂಡಿದೆ. ನಾನು ಅದನ್ನ ತಿನ್ನಲ್ಲ, ಅದು ನನ್ನ ತಿನ್ನಲ್ಲ. ಬಿಟ್ಟಾಕು."

"ನಿಮ್ಮ ಮೊಮ್ಮಕ್ಕಳು ಬರ್ತಾರಲ್ಲ, ಗುಂಡರ್?"

"ಬಂದ್ರೆ ತಾನೆ," ಎಂದವನು ತಾನೇ ಕುಂಡ ಎತ್ತಿ ಕೊಟ್ಟ.

ಅವನ್ನೆಲ್ಲ ಹಿತ್ತಿಲ ಜಗಲಿಯ ಚಳಿಗೆ ಸಾಲಾಗಿ ಇಟ್ಟಳು. ತಾಯಿಯ ಗಿಡವನ್ನು ಕೊನೆಗೆ ತಂದಳು. ಸಂಜೆಯೊಳಗೆ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದವು. ಕಿಟಕಿಯಿಂದ ನೋಡುತ್ತಿದ್ದ ಲೆಂಪಿಗೆ ಅಳು ಬರಲಿಲ್ಲ.

ಮಗು ಮನೆಗೆ ಬಂದ ಸುದ್ದಿ ತಿಳಿದು, ಏಲಕ್ಕಿ ಬ್ರೆಡ್ ಬೇಯಿಸಿಕೊಂಡು ಕೆಳಗೆ ಹೋದಳು. ಬಾಗಿಲು ತೆರೆದ ಕ್ರಿಸ್ಟಲ್‌ಳ ಹಿಂದೆ ಕಟ್ಟಿಟ್ಟ ಪೆಟ್ಟಿಗೆಗಳಿದ್ದವು.

"ಫಾರ್ಗೋಗೆ ಹೋಗ್ತಿದೀವಿ, ಅಕ್ಕನ ಮನೆಗೆ. ನಿಮ್ಮ ಕೈಯಿಂದ ಏನೂ ಬೇಡ ನಮಗೆ."

"ಒಂದೇ ಒಂದ್ಸಲ ಜೊಯೆಲ್‌ನ ನೋಡಿ ಹೋಗ್ತೀನಮ್ಮ."

ಮಗು ಪೆಟ್ಟಿಗೆಯ ಮರೆಯಲ್ಲಿ ನಿಂತಿತ್ತು. ಲೆಂಪಿ ತಟ್ಟೆ ಹಿಡಿದು ಬಗ್ಗಿದ್ದೇ ತಡ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ತಾಯಿಯ ಕಾಲಿನ ಹಿಂದೆ ಸರಿಯಿತು.

ಲೆಂಪಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದಳು.