ಜೀನಿನ ಬಲಗಡೆಯ ಕುಣಿಕೆ

ಬಾಗಿಲು ಬಡಿದ ಸದ್ದು ಮೂರು ಸಲ ಕೇಳಿತು. ಆಮೇಲೆ ಏನೂ ಇಲ್ಲ.

ಸುಚಿತಾ ಚಾಪೆಯ ಮೇಲೆ ಎದ್ದು ಕುಳಿತಳು. ಎಡಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗುತ್ತಿತ್ತು; ಏಳಬೇಕೆಂದರೆ ಬಲಗೈಯೊಂದನ್ನೇ ನೆಲಕ್ಕೆ ಊರಬೇಕು. ಒಳಕೋಣೆಯಿಂದ ತಾಯಿಯ ದನಿ ಬಂತು.

‘ಯಾರೇ ಅದು?’

‘ನಾ ಕಾಣ್ತೆ. ನೀ ಮಲಗು ಆಯಿ.’

ಚಿಲಕ ಸರಿಸಿದಳು. ಹೆಲ್ಮೆಟ್ಟನ್ನು ಎದೆಗೆ ಅವಚಿಕೊಂಡು ಕಿರಣ ನಿಂತಿದ್ದ. ನಲವತ್ತು ದಾಟಿದ ಮನುಷ್ಯ. ಅಂಗಳದ ದೀಪಕ್ಕೆ ಐವತ್ತು ದಾಟಿದವನಂತೆ ಕಂಡ.

‘ನಾನಲ್ಲ ಕಣಮ್ಮ,’ ಎಂದ. ‘ದೇವರಾಣೆ, ನಾನಲ್ಲ.’

ಸುಚಿತಾ ಜಗುಲಿಯ ಅಂಚಿಗೆ ಕುಳಿತಳು. ನಿಂತು ಮಾತನಾಡುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಅವನೂ ಎರಡು ಮೊಳ ದೂರದಲ್ಲಿ, ಮಂಡಿಗಳನ್ನು ಕೈಯಿಂದ ಹಿಡಿದು, ನಿಧಾನವಾಗಿ ಕುಳಿತ.

ಕಿರಣ ಬೆಂಗಳೂರಿನವನು. ಸಿನಿಮಾ ನಾಯಕಿಯರ ಉಡುಪು ತೊಟ್ಟು, ಅವರ ಜಡೆಯ ವಿಗ್ಗು ಹಾಕಿಕೊಂಡು, ಅವರಿಗೆ ಬದಲಾಗಿ ಕುದುರೆಯಿಂದ ಬೀಳುವುದೇ ಹದಿನೆಂಟು ವರ್ಷಗಳಿಂದ ಅವನ ಉದ್ಯೋಗ. ಈ ಸಲ ಆ ಕೆಲಸ ಅವನ ಕೈತಪ್ಪಿ ಮಾವಳ್ಳಿಯ ಸುಚಿತಾಳಿಗೆ ಹೋಗಿತ್ತು. ಈ ದಿನ ಬೆಳಿಗ್ಗೆ ಹೊನ್ನಾವರದ ಕಾಸರಕೋಡ ಕಡಲತೀರದಲ್ಲಿ, ಎಲ್ಲರ ಕಣ್ಣೆದುರು, ಅವಳು ಕುದುರೆಯಿಂದ ಬಿದ್ದಿದ್ದಳು. ಆ ದೃಶ್ಯದಲ್ಲಿ ಅವಳು ಬೀಳುವಂತಿರಲಿಲ್ಲ.

ಅವಳಿಗೆ ಇಪ್ಪತ್ತಾರು ವರ್ಷ. ಮುರ್ಡೇಶ್ವರದ ದಂಡೆಯ ಮೇಲೆ ಪ್ರವಾಸಿಗರನ್ನು ಕುದುರೆ ಹತ್ತಿಸಿ ಇಳಿಸುವ ಕೆಲಸಕ್ಕೆ ಸೇರಿ ಏಳು ವರ್ಷ. ಕುದುರೆಯ ಹೆಸರು ಸರ್ದಾರ. ಭಟ್ಕಳದಿಂದ ಅದನ್ನು ಕೊಂಡು ತಂದಿದ್ದ ಶನಿಯಾರ ಅದರ ಮಾಲೀಕ. ಮದುವೆಯ ಕಾಲ ಬಂದರೆ ಕುಮಟೆಯವರೆಗೂ ನಡೆಸಿಕೊಂಡು ಹೋಗಿ, ಹೆದರಿದ ಮದುಮಗನನ್ನು ಅದರ ಬೆನ್ನಿನ ಮೇಲೆ ಕೂರಿಸಿ, ಬ್ಯಾಂಡಿನ ಮುಂದೆ ಲಗಾಮು ಹಿಡಿದು ನಡೆದವಳೂ ಅವಳೇ. ಮುಂಜಾನೆ ದಂಡೆ ಖಾಲಿಯಿದ್ದಾಗ ಮಾತ್ರ ಸರ್ದಾರ ಅವಳದಾಗುತ್ತಿತ್ತು. ಓಡುವ ಕುದುರೆಯ ಮೇಲೆ ನಿಲ್ಲುವುದು, ಪಕ್ಕಕ್ಕೆ ಜೋತು ಬೀಳುವುದು, ಮರಳಿಗೆ ಉರುಳಿ ಏಳುವುದು, ಎಲ್ಲವನ್ನೂ ಯಾರೂ ಕಲಿಸದೆ ಕಲಿತಳು. ವಿಡಿಯೋ ಮಾಡಿ ಬೆಂಗಳೂರಿಗೆ ಕಳಿಸಿದಳು. ಎರಡು ಸಲ ತಾನೇ ಹೋಗಿ ಸಾಹಸ ಕಲಾವಿದರ ಸಂಘದ ಮೆಟ್ಟಿಲ ಮೇಲೆ ಕುಳಿತು ಬಂದಳು. ಕಾರ್ಡು ಇಲ್ಲದವರಿಗೆ ಕೆಲಸವಿಲ್ಲ, ಕೆಲಸ ಮಾಡಿರದವರಿಗೆ ಕಾರ್ಡಿಲ್ಲ ಎಂಬುದೊಂದೇ ಅಲ್ಲಿ ಸಿಕ್ಕ ಉತ್ತರ.

ಆ ಗೋಡೆಯಲ್ಲಿ ಬಿರುಕು ಕಂಡದ್ದು ಹೋದ ವಾರ. ಚಿತ್ರೀಕರಣಕ್ಕೆ ಬಂದ ಸಾಹಸ ನಿರ್ದೇಶಕ ಜಗದೀಶ ಮಾಸ್ಟರ್ ಅವಳ ಸವಾರಿ ನೋಡಿ, ನಾಯಕಿಯ ಒಂದು ದೃಶ್ಯ ಕೊಟ್ಟರು. ಅಲೆಯ ಅಂಚಿನಲ್ಲಿ ಕುದುರೆ ನಾಗಾಲೋಟದಲ್ಲಿ ಓಡುತ್ತಿರಬೇಕು. ಸವಾರಳು ಜೀನಿನ ಬಲಗಡೆಯ ಹಗ್ಗದ ಕುಣಿಕೆಗೆ ಬಲಗಾಲು ಸಿಕ್ಕಿಸಿ, ಎಡಗಡೆಗೆ ಇಡೀ ಮೈ ಜೋತುಬಿಟ್ಟು, ನೂರು ಗಜ ಹಾಗೆಯೇ ಸಾಗಿ ಮತ್ತೆ ಜೀನಿಗೆ ಏರಬೇಕು. ಅದೊಂದು ಸರಿಯಾಗಿ ಬಂದರೆ ಸಂಘಕ್ಕೆ ಶಿಫಾರಸಿನ ಪತ್ರ.

ಕುಣಿಕೆಯನ್ನು ಹಿಂದಿನ ಸಂಜೆ ಮಾಸ್ಟರೇ ಕಟ್ಟಿ, ತಾಲೀಮು ಮಾಡಿಸಿದ್ದರು. ಬೆಳಿಗ್ಗೆ ಅದು ಮೂವತ್ತನೇ ಗಜದಲ್ಲಿ ಬಿಚ್ಚಿಕೊಂಡಿತು.

ಮೂಳೆ ಮುರಿದಿರಲಿಲ್ಲ, ಭುಜ ಬಾತಿತ್ತು. ವಿಷಯ ಅಷ್ಟಕ್ಕೇ ಮುಗಿಯಲಿಲ್ಲ. ಮಾಸ್ಟರ್ ಎಲ್ಲರೆದುರು ಕೇಳಿದ್ದರು: ‘ಹತ್ತೋ ಮೊದಲು ನೋಡಿದ್ಯೇನಮ್ಮ?’ ‘ನೋಡಿದ್ದೆ ಸರ್, ಸರಿಯಿತ್ತು,’ ಎಂದಿದ್ದಳು. ‘ಹಾಗಾದರೆ ಯಾರೋ ಕೈಯಾಡಿಸಿದ್ದಾರೆ. ನಾಳೆ ಎಂಟು ಗಂಟೆಗೆ ನನಗೆ ಹೆಸರು ಬೇಕು. ಹೆಸರು ಸಿಕ್ಕರೆ ಅವರು ಹೊರಗೆ. ಭಾನುವಾರ ನಿನಗೆ ಇನ್ನೊಂದು ಶಾಟ್. ನೋಡದೆ ಹತ್ತಿದ್ದು ಅಂತ ಗೊತ್ತಾದರೆ ಮಾತ್ರ ನೀನೇ ಮನೆಗೆ ಹೋಗ್ತೀಯ. ನೋಡದವರನ್ನ ನಾನು ಇಟ್ಟುಕೊಳ್ಳಲ್ಲ, ನನ್ನ ಸ್ವಂತ ತಮ್ಮನನ್ನೂ ಇಟ್ಟುಕೊಂಡಿಲ್ಲ.’

ಆ ಕ್ಷಣ ಎಲ್ಲರ ಕಣ್ಣೂ ತಿರುಗಿದ್ದು ಕಿರಣನ ಕಡೆಗೆ.

‘ಹೊಟ್ಟೆ ಉರಿದಿದ್ದು ನಿಜ,’ ಎಂದ ಕಿರಣ ಈಗ. ‘ಸುಳ್ಳು ಯಾಕೆ ಹೇಳಲಿ? ನಿನ್ನೆ ತಾಲೀಮಲ್ಲಿ ನೀನು ಜೋತು ಬಿದ್ದು ಎದ್ದಿದ್ದು ನೋಡಿ, ಇನ್ನು ನನ್ನ ವಿಗ್ಗು ಮೂಲೆಗೇ ಅನ್ಕೊಂಡೆ. ಎರಡೂ ಮಂಡಿ ಹೋಗಿದೆ ನಂದು. ಮೂರು ವರ್ಷ ಹೇಗೋ ಎಳೆದ್ರೆ ನಾನೂ ಮಾಸ್ಟರ್ ಆಗ್ಬೋದು. ಇಂಥ ಮಾತು ಸಂಘಕ್ಕೆ ಹೋದ್ರೆ ಕಾರ್ಡೇ ಕಿತ್ತುಕೊಳ್ತಾರೆ.’

‘ನಾನು ನಿಮ್ಮ ಹೆಸರು ಹೇಳಲಿಲ್ಲ.’

‘ಬೇರೆ ಹೆಸರೂ ಹೇಳಲಿಲ್ಲ. ಅಷ್ಟು ಸಾಕು ಅವರಿಗೆ.’ ಅವನು ಮೊಬೈಲು ತೆಗೆದ. ‘ಇದನ್ನ ನೋಡು. ನಿನ್ನ ಲಂಗದ ಮಡಿಕೆ ಮುಂದಿನ ಶಾಟಿಗೂ ಹಾಗೇ ಇರಬೇಕು ಅಂತ ಕಾಸ್ಟ್ಯೂಮಿನವನು ತೆಗೆದ ಫೋಟೋ. ನೀನು ಆಗಷ್ಟೇ ಕುದುರೆ ಹತ್ತಿದ್ದೆ. ಮೂಲೆಯಲ್ಲಿ ಕುಣಿಕೆ ಕಾಣ್ಸುತ್ತೆ. ಮಾಸ್ಟರ್ ಕಟ್ಟಿದ ಗಂಟು ಅಲ್ಲ ಇದು. ನನ್ನ ಹದಿನೆಂಟು ವರ್ಷದಲ್ಲಿ ಇಂಥ ಗಂಟು ನೋಡಿಲ್ಲ. ಯಾರದ್ದಮ್ಮ ಇದು?’

ಸುಚಿತಾ ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದಳು. ಹಗ್ಗ ಉಂಗುರವನ್ನು ಎರಡು ಸುತ್ತು ಸುತ್ತಿತ್ತು. ತುದಿ ಮಡಚಿ, ನಾಲಗೆಯ ಹಾಗೆ ಹೊರಗೆ ಚಾಚಿಕೊಂಡಿತ್ತು. ಆ ತುದಿಯನ್ನು ಒಮ್ಮೆ ಎಳೆದರೆ ಇಡೀ ಗಂಟು ಬಿಚ್ಚಿ ಬೀಳುತ್ತದೆ.

ಅವಳು ಬಹಳ ಹೊತ್ತು ನೋಡಿದಳು.

‘ನನಗೆ ಕಳಿಸಿ,’ ಎಂದಳು. ‘ಬೆಳಿಗ್ಗೆ ಹೆಸರು ಸಿಗ್ತದೆ. ನಿಮ್ಮದಲ್ಲ.’

ಬೆಳಗಿನ ಮೊದಲ ಬಸ್ಸಿನಲ್ಲಿ ಅವಳು ಹೊನ್ನಾವರಕ್ಕೆ ಹೋದಳು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಭುಜ ಹಲ್ಲು ಕಚ್ಚುವಂತೆ ಮಾಡುತ್ತಿತ್ತು. ಬಂದರಿನಲ್ಲಿ ರಾತ್ರಿಯ ಟ್ರಾಲರುಗಳು ಬಂದು ನಿಂತಿದ್ದವು. ಟ್ರಾಲರಿನಲ್ಲಿ ದುಡಿಯುವ ಅವಳ ಅಣ್ಣ ದಿನಕರ ಐಸಿನ ಪೆಟ್ಟಿಗೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ; ಎರಡು ರಾತ್ರಿ ಮಲಗದ ಕಣ್ಣು.

‘ಏನೇ ಹೀರೋಯಿನ್ನು! ಕೈ ಮುರ್ಕಂಡೇ ಬಂದ್ಯಾ? ಬೇಡ ಬೇಡ ಅಂದ್ರೆ ಕೇಳಿದ್ಯಾ?’

‘ಅಣ್ಣ, ಮೊನ್ನೆ ಸಂಜೆ ಶೂಟಿಂಗ್ ಹತ್ರ ಬಂದಿದ್ದೆ ನೀನು.’

‘ಬಂದಿದ್ದೆ. ನೀ ಕುದ್ರೆ ಹೊಟ್ಟೆಗೆ ಬಾವಲಿ ಹಾಂಗೆ ಜೋತದ್ದು ಊರೆಲ್ಲ ಕಾಣ್ತಿತ್ತು. ನಂಗೆ ಮೋರೆ ಎತ್ತೂಕೆ ಆಗ್ಲಿಲ್ಲ. ಅದಕ್ಕೆ ಎಂತ ಈಗ?’

ಅವಳು ಮೊಬೈಲನ್ನು ಅವನ ಮುಖಕ್ಕೆ ಹಿಡಿದಳು. ‘ಇದು ನೀ ಕಟ್ಟಿದ್ದಾ?’

ದಿನಕರ ಚಹಾದ ಲೋಟ ಕೆಳಗಿಟ್ಟ. ಚಿತ್ರ ನೋಡಿದ. ಆಮೇಲೆ ನಕ್ಕ, ಸಂತೋಷವಿಲ್ಲದ, ಸುಸ್ತಾದ ನಗು.

‘ಮಾರಾಯ್ತಿ, ನಂಗೆ ಈ ಗಂಟು ಬರೂದೇ ಇಲ್ಲ. ನಮ್ದು ಈಗ ಬಲೆ ಎಳೆಯೂಕೆ ವಿಂಚು ಮೆಷಿನು, ಕಬ್ಬಿಣದ ಕೊಂಡಿ. ಹಗ್ಗ ಮುಟ್ಟೂದು ಯಾರು? ಇದು ಹಳೇ ದೋಣಿಯವ್ರ ಗಂಟು. ಮಾವಳ್ಳಿಲಿ ಈಗ ಇದನ್ನ ಕಟ್ಟುವವ ಒಬ್ಬನೇ. ಅದು ಯಾರು ಅಂತ ನಿಂಗೆ ಗೊತ್ತಿಲ್ಲದೆ ನನ್ನ ಕೇಳೂಕೆ ಬಂದ್ಯಾ?’

ಗೊತ್ತಿತ್ತು. ರಾತ್ರಿಯೇ ಗೊತ್ತಾಗಿತ್ತು. ಅಣ್ಣನೇ ಆಗಿರಲಿ ಎಂಬ ಆಸೆಯೊಂದನ್ನು ಹೊತ್ತು ಇಷ್ಟು ದೂರ ಬಂದಿದ್ದಳು.

ಕಾಸರಕೋಡ ತಲುಪಿದಾಗ ಏಳೂಕಾಲು. ದಂಡೆಯ ಹಿಂದೆ ಗಾಳಿಮರಗಳ ಸಾಲಿನಲ್ಲಿ ಸರ್ದಾರನನ್ನು ಕಟ್ಟಿದ್ದರು. ಕುದುರೆಯ ಪಕ್ಕದಲ್ಲಿ, ಬುಟ್ಟಿಯಿಂದ ಹಸಿಹುಲ್ಲು ತೆಗೆದು ತಿನ್ನಿಸುತ್ತ, ಅವಳ ಅಪ್ಪ ಸೋಮ ನಿಂತಿದ್ದ. ಶನಿಯಾರನಿಗೆ ಜ್ವರವೆಂದು ನಾಲ್ಕು ದಿನದಿಂದ ಕುದುರೆ ಕಾಯಲು ಅವನೇ ಬರುತ್ತಿದ್ದ.

ಸೋಮ ಒಂದು ಕಾಲದಲ್ಲಿ ತಾಂಡೇಲ. ಹನ್ನೆರಡು ಆಳಿನ ದೋಣಿ ಅವನ ಮಾತಿನ ಮೇಲೆ ನಡೆಯುತ್ತಿತ್ತು. ತದಡಿಯ ಅಳಿವೆಯ ಹೊರಗೆ, ಒಂದು ಬೆಳಿಗ್ಗೆ, ಲಂಗರಿನ ಹಗ್ಗ ಹೊನ್ನ ಎಂಬ ಆಳಿನ ಪಾದಕ್ಕೆ ಸುತ್ತಿಕೊಂಡಿತು. ಕತ್ತಿ ಸಿಗುವಷ್ಟರಲ್ಲಿ ಹೊನ್ನ ನೀರಿನ ಅಡಿಗೆ ಹೋಗಿದ್ದ. ಅಂದಿನಿಂದ ಸೋಮನ ದೋಣಿಯಲ್ಲಿ ಯಾವ ಹಗ್ಗಕ್ಕೂ ಬಿಗಿಗಂಟು ಬೀಳಲಿಲ್ಲ. ಎಲ್ಲಕ್ಕೂ ಒಂದೇ ಗಂಟು; ಒಂದೇ ಎಳೆತಕ್ಕೆ ಬಿಚ್ಚುವಂಥದ್ದು.

‘ಅಪ್ಪಾ, ಕುಣಿಕೆ ಬಿಚ್ಚಿ ಮತ್ತೆ ಕಟ್ಟಿದ್ದು ನೀನಾ?’

‘ಹೌದು,’ ಎಂದ ಸೋಮ. ಕೈಯ ಹುಲ್ಲನ್ನು ಸರ್ದಾರನ ಬಾಯಿಗೆ ಇಟ್ಟೇ ತಿರುಗಿದ. ‘ಆ ಮನುಷ್ಯ ಎಂತ ಗಂಟು ಕಟ್ಟಿದ್ದ ಗೊತ್ತಿತ್ತಾ ಮಗಾ? ಹಲ್ಲು ಹಾಕಿದ್ರೂ ಬಿಚ್ಚೂದಲ್ಲ. ಅದರೊಳಗೆ ನಿನ್ನ ಕಾಲು. ಕುದುರೆ ಮಗುಚಿದ್ರೆ ನೀ ಅಡಿಗೆ. ಕಂಡೂ ಕಂಡೂ ನಾ ಸುಮ್ನೆ ಕೂರೂದಾ?’

‘ದೋಣಿ ಬೇರೆ, ಕುದುರೆ ಬೇರೆ ಅಪ್ಪಾ. ದೋಣಿ ಹಗ್ಗನ ಒಂದೇ ಸಮ ಎಳೀತದೆ, ಗಂಟು ನಿಲ್ತದೆ. ಕುದುರೆ ಕುಲುಕ್ತದೆ. ಕುಲುಕಿದ್ರೆ ಈ ಗಂಟು ಜಾರ್ತದೆ.’

ಸೋಮ ನಲವತ್ತು ವರ್ಷ ಹಗ್ಗ ಹಿಡಿದ ಕೈಗಳನ್ನು ಒಮ್ಮೆ ನೋಡಿಕೊಂಡ.

‘ಅದು ನಂಗೆ ಹೊಳೀಲಿಲ್ಲ,’ ಎಂದ ಮೆಲ್ಲಗೆ.

‘ನಂಗೆ ಒಂದು ಮಾತು ಹೇಳ್ಬೇಕಿತ್ತು.’

‘ಹೇಳೂಕೆ ಎಂತ ಇತ್ತು? ನೀನೇ ಕಂಡ್ಯಲ್ಲ.’

‘ನಾ ಎಂತ ಕಂಡೆ?’

‘ನೀ ಹತ್ತೂಕಿಂತ ಮೊದ್ಲು ಜೀನಿನಡಿ ಕೈ ಹಾಕ್ದೆ. ಎರಡು ಸಲ ಜಗ್ಗಿ ಕಂಡೆ. ನಾ ಇಲ್ಲೇ ಈ ಮರದ ಬುಡದಲ್ಲಿ ನಿಂತಿದ್ದೆ. ಬೇಡ ಅಂತಾದ್ರೆ ನೀ ಬಿಚ್ತಿದ್ದೆ. ಬಿಚ್ಚಲಿಲ್ಲ. ಸರಿ, ಅವಳಿಗೂ ಒಪ್ಪಿಗೆ ಆತು ಅಂತ ನಾ ತಿಳ್ಕಂಡೆ.’

ಸುಚಿತಾ ಗಾಳಿಮರಕ್ಕೆ ಒರಗಿದಳು.

ನಿನ್ನೆ ಬೆಳಿಗ್ಗೆ ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಮೈಕಿನಲ್ಲಿ ಯಾರೋ ‘ಬೇಗ, ಬೇಗ’ ಎನ್ನುತ್ತಿದ್ದರು. ಕೈ ಜೀನಿನಡಿ ಹೋಯಿತು. ಬೆರಳಿಗೆ ಎರಡು ಸುತ್ತು ಸಿಕ್ಕಿತು, ಮಡಚಿದ ತುದಿಯೂ ಸಿಕ್ಕಿತು. ಎಂಟನೇ ವಯಸ್ಸಿನಲ್ಲಿ, ಮಾವಳ್ಳಿಯ ದಂಡೆಯ ಮೇಲೆ, ಅಪ್ಪನ ದೋಣಿಯನ್ನು ಗೂಟಕ್ಕೆ ಕಟ್ಟುತ್ತ ಕಲಿತ ಗಂಟು ಅದು. ಮಾಸ್ಟರ್ ಕಟ್ಟಿದ ಗಂಟು ಆ ಬೆರಳಿಗೆ ಪರಕೀಯವಾಗಿತ್ತು, ಇದು ಮನೆಯದು. ಬೆರಳಿಗೆ ಅದೆಷ್ಟು ಸಮಾಧಾನವಾಗಿತ್ತೆಂದರೆ, ಹಿಂದಿನ ಸಂಜೆ ಇಲ್ಲದ ಗಂಟು ಈಗ ಇಲ್ಲಿಗೆ ಹೇಗೆ ಬಂತು ಎಂದು ಕೇಳಿಕೊಳ್ಳುವ ಮೊದಲೇ ಅವಳು ಜೀನಿನ ಮೇಲಿದ್ದಳು.

‘ಅಲ್ಲಿ ನನ್ನ ಹೆಸ್ರೇ ಹೇಳು,’ ಎಂದ ಸೋಮ. ‘ಪೊಲೀಸ್ರು ಬರ್ಲಿ ಬೇಕಾದ್ರೆ. ನಾ ನೋಡದ ನೀರಾ? ನಿನ್ನ ಕೆಲ್ಸ ಉಳ್ದ್ರೆ ಆತು.’

ಅವಳು ಮಾಸ್ಟರರ ಡೇರೆಯ ಕಡೆಗೆ ನಡೆದಳು. ಹಿಂದೆ, ಮರಳಿನಲ್ಲಿ ಒಂದು ಕಾಲು ಎಳೆಯುತ್ತ, ಅವನೂ ಬಂದ.

ಡೇರೆಯ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಜಗದೀಶ ಮಾಸ್ಟರ್ ಕುಳಿತಿದ್ದರು. ಮೇಜಿನ ಮೇಲೆ ಸಂಘಕ್ಕೆ ಬರೆದ ಪತ್ರ ಟೈಪಾಗಿ ಸಿದ್ಧವಿತ್ತು. ಸಹಿಯ ಜಾಗ ಮಾತ್ರ ಖಾಲಿ. ಕಿರಣ ಚೀಲ ಕಟ್ಟಿಕೊಂಡೇ ಬಂದು ಕಂಬಕ್ಕೆ ಒರಗಿದ್ದ. ಮ್ಯಾನೇಜರು ಹಾಳೆಯ ಮೇಲೆ ಪೆನ್ನು ಹಿಡಿದಿದ್ದ.

‘ಎಂಟಾಯ್ತು,’ ಎಂದರು ಮಾಸ್ಟರ್. ‘ಕಿರಣನಾ?’

‘ಅಲ್ಲ ಸರ್. ಅವರು ಕುದುರೆ ಹತ್ತಿರವೂ ಬಂದಿಲ್ಲ.’

ಕಿರಣ ಕಣ್ಣು ಮುಚ್ಚಿಕೊಂಡ. ಹಿಂದಿನಿಂದ ಸೋಮ ಒಂದು ಹೆಜ್ಜೆ ಮುಂದೆ ಬಂದು ಗಂಟಲು ಸರಿಪಡಿಸಿಕೊಂಡ. ಸುಚಿತಾ ಬಲಗೈ ಚಾಚಿ ಅವನ ತೋಳು ಹಿಡಿದು ಅಲ್ಲೇ ನಿಲ್ಲಿಸಿದಳು.

‘ಗಂಟು ಬದಲಾಯಿಸಿದವರಿಗೆ ಕುದುರೆಯ ವಿಷಯ ಗೊತ್ತಿರಲಿಲ್ಲ ಸರ್. ನನ್ನನ್ನ ಉಳಿಸ್ಲಿಕ್ಕೆ ಕಟ್ಟಿದ್ದು. ಅದು ಬೇರೆ ಗಂಟು ಅಂತ ಬೆರಳಿಗೆ ಗೊತ್ತಾಗಿ, ಆದರೂ ಬಿಚ್ಚದೆ ಹತ್ತಿದವರು ಒಬ್ಬರಿದ್ದಾರೆ. ನಿನ್ನೆ ನಿಮಗೆ ಸರಿಯಿತ್ತು ಅಂತ ಹೇಳಿದವರೂ ಅವರೇ.’

ಮಾಸ್ಟರ್ ಪತ್ರದ ಮೇಲಿಂದ ಕೈ ತೆಗೆದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ; ಇಂಥದ್ದನ್ನು ಹಲವು ಸಲ ಕೇಳಿದವರ ದಣಿವಿತ್ತು.

‘ಹೆಸರು ಹೇಳಮ್ಮ,’ ಎಂದ ಮ್ಯಾನೇಜರು. ‘ಬರ್ಕೋಬೇಕು.’

‘ಸುಚಿತಾ.’