ಬೆರಳಿನ ಕ್ಲಿಪ್ಪಿಗೆ ಕಾಣದ್ದು

ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವ ಮೆಕ್ಯಾನಿಕ್ ನಾನು. ಅಂದು ಬೀದಿಯ ಗಲಾಟೆ ಅಡ್ಡ ಬರುತ್ತದೆಂದು ಗ್ಯಾರೇಜಿನ ಷಟರ್ ಎಳೆದುಕೊಂಡು, ಚಾಲೂ ಇದ್ದ ಕಾರಿಗೆ ಕಿವಿಗೊಟ್ಟು ನಿಂತೆ. ಅರ್ಧ ಗಂಟೆಯಲ್ಲಿ ತಲೆ ಸಿಡಿಯತೊಡಗಿತು, ವಾಕರಿಕೆ ಬಂತು, ಕಾಲಿನ ಬಲ ಉಡುಗಿತು. ಹೇಗೋ ಷಟರ್ ಎತ್ತಿ ಬೀದಿಗೆ ಬಿದ್ದ ನನ್ನನ್ನು ಪಕ್ಕದ ಅಂಗಡಿಯವರು ಆಸ್ಪತ್ರೆಗೆ ಹೊತ್ತೊಯ್ದರು.

ಅಲ್ಲಿ ನನ್ನ ತಂಗಿಯೇ ನರ್ಸು. 'ಥರ್ಮಾಮೀಟರ್ ಡಾಕ್ಟ್ರು' ಎಂದು ನಾನು ಇಪ್ಪತ್ತು ವರ್ಷ ಆಡಿಕೊಂಡವಳು.

ರಕ್ತದ ಆಕ್ಸಿಜನ್ ಅಳೆಯಲು ಬೆರಳಿಗೆ ಸಿಕ್ಕಿಸಿದ ಕ್ಲಿಪ್ ಶೇಕಡಾ ತೊಂಬತ್ತೊಂಬತ್ತು ತೋರಿಸಿತು. "ಆಕ್ಸಿಜನ್ ಚೆನ್ನಾಗೇ ಇದೆ. ಬಿಸಿಲಿಗೆ ಸುಸ್ತಾಗಿರ್ಬೇಕು," ಎಂದರು ಹೊಸ ಡಾಕ್ಟರು.

ತಂಗಿ ನನ್ನತ್ತ ಬಗ್ಗಿದಳು. "ಅಣ್ಣ, ಸದ್ದು ಕೇಳೋಕೆ ಷಟರ್ ಎಳ್ಕೊಂಡಿದ್ಯಾ?"

ಹೌದೆಂದು ತಲೆಯಾಡಿಸಿದೆ.

"ಸರ್, ಇದು ಕಾರ್ಬನ್ ಮಾನಾಕ್ಸೈಡು, ಗಾಡಿ ಹೊಗೇಲಿರೋ ವಿಷ. ರಕ್ತದಲ್ಲಿ ಆಕ್ಸಿಜನ್ನಿನ ಸೀಟು ಹಿಡ್ಕೊಂಡು ಕೂತ್ಬಿಟ್ಟಿದೆ. ಸೀಟು ತುಂಬಿರೋದಷ್ಟೇ ಕ್ಲಿಪ್ಪಿಗೆ ಕಾಣೋದು, ಕೂತಿರೋರು ಯಾರು ಅಂತ ಕಾಣಲ್ಲ. ಆಕ್ಸಿಜನ್ ಮಾಸ್ಕ್ ಈಗ್ಲೇ ಹಾಕೋಣ, ರಕ್ತ ಟೆಸ್ಟಿಗೆ ಕಳಿಸೋಣ."

ರಕ್ತದ ವರದಿಯೂ ಅದನ್ನೇ ಹೇಳಿತು. ಆರು ಗಂಟೆ ಶುದ್ಧ ಆಕ್ಸಿಜನ್ ಎಳೆದು ಎದ್ದು ಕೂತೆ.

ಈಗ ನನ್ನ ಷಟರ್ ಪೂರ್ತಿ ತೆರೆದೇ ಇರುತ್ತದೆ. "ಈ ಗಲಾಟೇಲಿ ಎಂಜಿನ್ ಸದ್ದು ಹೇಗ್ರೀ ಕೇಳುತ್ತೆ?" ಎಂದು ಗಿರಾಕಿಗಳು ಗೊಣಗಿದರೆ ಗದರುತ್ತೇನೆ: "ಡಾಕ್ಟ್ರ ಆರ್ಡರು ಕಣ್ರೀ!"

"ಯಾವ ಡಾಕ್ಟ್ರು?"

"ಥರ್ಮಾಮೀಟರ್ ಡಾಕ್ಟ್ರು," ಎನ್ನುತ್ತೇನೆ, ಎದೆಯುಬ್ಬಿಸಿ.